ಬೀಗರ ಮನೆಗೆ ಟೆಸ್ಟರ್

ಕೆಲವರ ಜೇಬಿನಲ್ಲಿ ಪೆನ್ನಿರುತ್ತದೆ, ಕೆಲವರ ಜೇಬಿನಲ್ಲಿ ಎಲೆ ಅಡಿಕೆ. ನನ್ನ ಜೇಬಿನಲ್ಲಿ ಟೆಸ್ಟರ್! ನೋಡಲು ಸ್ಕ್ರೂಡ್ರೈವರಿನಂಥದ್ದೇ, ಕರೆಂಟ್ ಇದ್ದಲ್ಲಿ ಮುಟ್ಟಿಸಿದರೆ ಹಿಡಿಕೆಯೊಳಗಿನ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಆಗ ನನಗಾಗುವ ಆನಂದವನ್ನು ಹೇಗೆ ಹೇಳಲಿ? "ಐತಿ! ಐತಿ!" ಎಂದು ಕೂಗಿಯೇ ಬಿಡುತ್ತೇನೆ. ಹಾವೇರಿಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ನೋಟ್‌ಬುಕ್ಕಿಗೆ ಬಂದವರಿಗೆ ವಿದ್ಯುತ್ ಸಲಹೆ ಪುಕ್ಕಟೆ. ಟಿವಿಯನ್ನು ಬರೀ ರಿಮೋಟಿನಲ್ಲಿ ಆರಿಸಿ ಮಲಗಬೇಡಿ, ಕರೆಂಟು ದಂಡ. ಗುಡುಗಿದರೆ ಪ್ಲಗ್ ಕೀಳಿ. ಬೇಸಿಗೆಯಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ನಾನಂತೂ ಆ ಗುಂಡಿಗೆ ಎಷ್ಟು ಭಕ್ತಿಯಿಂದ ನೀರು ಹಾಕುತ್ತೇನೆಂದರೆ, ತುಳಸಿಗೆ ಹಾಕುವುದನ್ನು ಮರೆತು ಅವ್ವನಿಂದ ಬೈಸಿಕೊಂಡಿದ್ದೇನೆ. "ನಮ್ಮ ಮನ್ಯಾಗ ಒಂದ ಹುಳುಕು ತೋರಸ್ರಿ ನೋಡೋಣು!" ಎಂದು ಗಿರಾಕಿಗಳಿಗೆ ಸವಾಲು ಬೇರೆ ಹಾಕುತ್ತೇನೆ.

ಮುಂಗಾರು ಹಿಡಿದ ವಾರ, ಮಗಳು ಸವಿತಾಳನ್ನು ನೋಡಲು ಬ್ಯಾಡಗಿಗೆ ಹೊರಟೆವು. ಬೀಗರದು ಮೆಣಸಿನಕಾಯಿ ವ್ಯಾಪಾರ, ಹೊಸ ಮನೆ ಕಟ್ಟಿಸಿದ್ದಾರೆ. ಬಸ್ ಹತ್ತುವ ಮೊದಲೇ ನನ್ನ ಹೆಂಡತಿ ಗಿರಿಜಾ, "ರೀ, ನಿಮ್ಮ ಕೈ ಮುಗೀತೇನಿ, ಬೀಗರ ಮನ್ಯಾಗ ಅದನ್ನ ಹೊರಗ ತಗೀಬ್ಯಾಡ್ರಿ" ಎಂದಳು. ಅವಳ ಮಾತೂ ಖರೆಯೇ. ಬೀಗರ ಮನೆಯಲ್ಲಿ ಹುಳುಕು ಹುಡುಕುವ ಪದ್ಧತಿ ನಮ್ಮಲ್ಲಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ "ಭಾಳ ಛಲೋ ಆಗೇತಿ" ಎಂದು ಇನ್ನೊಂದು ಸಲ ಹಾಕಿಸಿಕೊಳ್ಳಬೇಕು. ನಮ್ಮ ಕಾಕಾ ಒಮ್ಮೆ ಹೂರಣ ಸ್ವಲ್ಪ ತರಿತರಿಯಾಗಿದೆ ಎಂದದ್ದಕ್ಕೆ ಅವರ ಬೀಗರು ಮುಂದಿನ ಮದುವೆಗೆ ಕರೆಯಲೇ ಇಲ್ಲ.

ಹೋಳಿಗೆ ಊಟ ಮುಗಿಸಿ, ಬೀಗರು ಮನೆ ತೋರಿಸುತ್ತ ಹಿತ್ತಲಿಗೆ ಕರೆದೊಯ್ದರು. ಮಳೆ ಆಗಷ್ಟೇ ನಿಂತಿತ್ತು. ಅಲ್ಲಿ ಕಂಡದ್ದೇನು! ಕಂಬದಿಂದ ಬರುವ ಕರೆಂಟಿನ ವಯರು ಒಂದು ಕಬ್ಬಿಣದ ಪೈಪಿನೊಳಗೆ ಇಳಿದಿತ್ತು. ಬಟ್ಟೆ ಒಣಹಾಕುವ ತಂತಿಯನ್ನು ಅದೇ ಪೈಪಿಗೆ ಬಿಗಿದಿದ್ದರು. ಒಳಗಿನ ವಯರು ಎಲ್ಲಾದರೂ ಸುಲಿದಿದ್ದರೆ ಪೈಪಿಗೂ ಕರೆಂಟ್, ತಂತಿಗೂ ಕರೆಂಟ್! ನನ್ನ ಕೈ ಜೇಬಿಗೆ ಹೋಯಿತು. ಗಿರಿಜಾ ನನ್ನ ತೋಳು ಚಿವುಟಿದಳು. ಅಷ್ಟರಲ್ಲಿ ಸವಿತಾ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಂದು ತಂತಿಯತ್ತ ಕೈ ಎತ್ತಿದಳು. "ಮುಟ್ಟಬ್ಯಾಡ!" ಎಂದು ಚೀರಿದೆ. ಬಕೆಟ್ ನೆಲಕ್ಕೆ ಬಿತ್ತು.

ಇನ್ನೆಲ್ಲಿಯ ಮರ್ಯಾದೆ? ರಬ್ಬರ್ ಚಪ್ಪಲಿ ಮೆಟ್ಟಿ, ಕೈ ಒರೆಸಿಕೊಂಡು ತಂತಿಗೆ ಟೆಸ್ಟರ್ ಹಚ್ಚಿದೆ. ದೀಪ ಹೊತ್ತಿತು. "ಐತಿ! ಐತಿ!" ಎಂದು ರೂಢಿಯಂತೆ ಕುಣಿದೆ. ಆಮೇಲೆ ಯಾವುದಕ್ಕೆ ಕುಣಿಯುತ್ತಿದ್ದೇನೆಂದು ಹೊಳೆದು ಸವಿತಾಳನ್ನು ಇನ್ನಷ್ಟು ಹಿಂದಕ್ಕೆ ಎಳೆದೆ.

ಬೀಗರ ಮುಖ ಅವರ ಮಾಲಿನ ಬಣ್ಣಕ್ಕೆ ತಿರುಗಿತ್ತು. "ಏನ್ರಿ ಬೀಗರ, ಹೋಳಿಗಿ ಉಣ್ಣಾಕ ಬಂದೀರೋ, ಹುಳುಕು ತಗ್ಯಾಕ ಬಂದೀರೋ?"

ಆಗ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಬೀಗತಿ ಬಾಯಿಬಿಟ್ಟರು. "ಅವರಿಗ್ಯಾಕ ಬೈತೀರಿ? ಮಳಿ ಹತ್ತಿದಾಗಿಂದ ಆ ತಂತಿ ಮುಟ್ಟಿದ್ರ ಜುಮ್ ಅಂತೈತಿ. ಅರಿವಿ ಒಣಹಾಕೂದು ತಪ್ಪಸಾಕ ಅತ್ತಿ ನೆವಾ ಹೇಳ್ತಾಳ ಅಂತ ಸೊಸಿ ಅಂದಾಳು ಅಂತ ನಾನ ಸುಮ್ಮನಿದ್ದೆ."

"ನನಗೂ ಜುಮ್ ಅಂತಿತ್ರಿ ಅತ್ತಿ" ಎಂದಳು ಸವಿತಾ ಮೆಲ್ಲಗೆ. "ಬಂದು ವರ್ಷ ಆಗಿಲ್ಲ, ಮನ್ಯಾಗ ಹುಳುಕು ತಗೀತಾಳ ಅಂದೀರಿ ಅಂತ ನಾನೂ ಹೇಳಲಿಲ್ಲ."

ಅಯ್ಯೋ ದೇವರೇ! ಅತ್ತೆ ಸೊಸೆ ಇಬ್ಬರೂ ಒಬ್ಬರ ಮರ್ಯಾದೆ ಒಬ್ಬರು ಕಾಯುತ್ತ, ಪಾಳಿಯ ಮೇಲೆ ಶಾಕ್ ಹೊಡೆಸಿಕೊಳ್ಳುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬೀಗರು ತಾವೇ ಕರೆಂಟಿನ ಆಫೀಸಿಗೆ ಫೋನ್ ಹಚ್ಚಿದರು. ಲೈನ್‌ಮನ್ ಬಂದು ಕಂಬದಲ್ಲೇ ಕರೆಂಟ್ ಕಡಿದು, ಪೈಪಿನೊಳಗೆ ಸಿಪ್ಪೆ ಸುಲಿದಿದ್ದ ವಯರು ಬದಲಿಸಿದರು. ತಂತಿಯ ಜಾಗಕ್ಕೆ ಬೇರೆ ಕಡೆ ನೈಲಾನ್ ಹಗ್ಗ ಬಂತು. ಹೊರಡುವಾಗ ಬೀಗರು ನನ್ನನ್ನು ತಬ್ಬಿಕೊಂಡರು.

ವಾಪಸು ಬಸ್ಸಿನಲ್ಲಿ ನನ್ನನ್ನು ಹಿಡಿಯುವವರೇ ಇಲ್ಲ. "ಜೀವಾ ಹೋಗೂವಾಗ ಎಂಥಾ ಮರ್ಯಾದಿ? ಬಾಯಿ ಬಿಟ್ಟು ಹೇಳಾಕ ಏನ್ ಧಾಡಿ ಇವರಿಗೆ?" ಎಂದು ಮಾತಾಡಿದ್ದೇ ಮಾತಾಡಿದ್ದು. ಗಿರಿಜಾ ಕಿಟಕಿಯ ಹೊರಗೆ ನೋಡುತ್ತಿದ್ದಳು. "ರೀ, ನಮ್ಮ ವಾಷಿಂಗ್ ಮಷೀನೂ ಜುಮ್ ಅಂತೈತ್ರಿ" ಎಂದಳು.

"ಏನಂದಿ? ಯಾವಾಗಿಂದ? ಹೇಳಬಾರದೇನು?"

"ನಮ್ಮ ಮನ್ಯಾಗ ಒಂದೂ ಹುಳುಕಿಲ್ಲಂತ ಊರ ತುಂಬ ಹೇಳ್ಕೋತ ಅಡ್ಡಾಡ್ತಿದ್ರಿ. ಎಷ್ಟು ಖುಷೀಲೆ ಇದ್ರಿ. ಹೆಂಗ ಹೇಳ್ಲಿ?"

ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಫೋನ್ ಹಚ್ಚಿ, "ಅವ್ವಾ, ಮಷೀನ್ ಮುಟ್ಟಬ್ಯಾಡ! ಮೇನ್ ಸ್ವಿಚ್ ಆರಿಸಿ ದೂರ ಕುಂದ್ರು!" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದೆ.

"ಯಾಕ ಒದರ್ತೀಯೋ? ಅದು ಜುಮ್ ಅನ್ನೂದು ನನಗೇನ್ ಹೊಸಾದಲ್ಲ. ಕಟ್ಟಿಗಿ ಮಣಿ ಮ್ಯಾಲ ನಿಂತ ಮುಟ್ತೇನಿ" ಎಂದಳು ಅವ್ವ. "ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ನಿನಗೊಬ್ಬಗ ಹೇಳಿರಲಿಲ್ಲ ನೋಡು."