ಚಕ್ರಸಂಜಯನೂ ಬಾಡಿಗೆ ಸೈಕಲ್ಲೂ

“ಬೆಂಗಳೂರಿನ್ಯಾಗ ಬಾಡಿಗಿ ಸೈಕಲ್ ಎಲ್ಲಿ ಸಿಗತೈತಿ ಅಂತ ಇನ್ನ ಯಾರನ್ನೂ ಕೇಳಬ್ಯಾಡ್ರಿ! ಇದನ್ನ ಕೇಳ್ರಿ!”

ಲಾಡ್ಜಿನ ಮಂಚದ ಮೇಲೆ ಹೊದಿಸಿದ್ದ ಟವೆಲ್ಲನ್ನು ನಮ್ಮಣ್ಣ ಚನ್ನವೀರ ಸರ್ರನೆ ಎಳೆದ. ಕೆಳಗೊಂದು ಯಂತ್ರ. ಹಳೆಯ ಮೈಕಿನ ಹಾರ್ನು, ಟ್ರಾನ್ಸಿಸ್ಟರಿನ ಹೊಟ್ಟೆ, ಮೇಲೊಂದು ಕುಕ್ಕರ್ ಮುಚ್ಚಳ, ಅದರ ನಡುವೆ ಗಡಿಯಾರದ ಮುಳ್ಳು, ಪಕ್ಕದಲ್ಲೊಂದು ಕೆಂಪು ತಿರುಪು. ಕೊರಳಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿಯೂ ಇತ್ತು.

“ರೀ, ಆ ಮುಚ್ಚಳ ನಂದಲ್ಲಾ? ಹದಿನೈದು ದಿನಾ ಹುಡುಕೀನಿ!” ಎಂದರು ವೈನಿ.

“ಈಗ ಅದು ವಿಜ್ಞಾನದ್ದು,” ಎಂದ ಅಣ್ಣ.

ನಾವು ಮೂವರು ಬ್ಯಾಡಗಿಯಿಂದ ಬಂದಿದ್ದೆವು. ಅಣ್ಣ ಅಲ್ಲಿ ಮೈಕ್‌ಸೆಟ್ ರಿಪೇರಿ ಮಾಡುತ್ತಾನೆ, ಉಳಿದ ಹೊತ್ತಿನಲ್ಲಿ ಹೊಸದು ಕಂಡುಹಿಡಿಯುತ್ತಾನೆ. ಅಣ್ಣನ ಹೆಂಡತಿ ಸುಮಂಗಲಾ ವೈನಿ ಮೂವತ್ತು ವರ್ಷ ಸರ್ಕಾರಿ ನರ್ಸಾಗಿ, ಲಸಿಕೆಯ ಡಬ್ಬಿ ಕಟ್ಟಿಕೊಂಡು ಸುತ್ತಿನ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲೇ ತಿರುಗಿದವರು. ಮರುದಿನ ಭಾನುವಾರ ಬೆಂಗಳೂರಿನಲ್ಲಿ ಅರವತ್ತು ದಾಟಿದ ಹೆಣ್ಣುಮಕ್ಕಳ ಸೈಕಲ್ ಸವಾರಿ ಇತ್ತು, ಇಪ್ಪತ್ತು ಕಿಲೋಮೀಟರು. ನಿವೃತ್ತಿಯಾದ ಮೇಲೆ ವೈನಿ ತಮಗಾಗಿಯೇ ಆಸೆಪಟ್ಟ ಮೊದಲ ಸಂಗತಿ ಅದು. ಆದರೆ ಬಸ್ಸಿನ ಮೇಲೆ ಕಟ್ಟಿ ತಂದ ಅವರ ಸೈಕಲ್ಲಿನ ಗಾಲಿ ದಾರಿಯಲ್ಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ಸಂಜೆಯೊಳಗೆ ಬಾಡಿಗೆಯದೊಂದು ಸಿಗದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ನಾನು ಫೋನಿನಲ್ಲಿ ಹುಡುಕಿ ಮೂರು ಅಂಗಡಿ ತೆಗೆದಿದ್ದೆ. ಮೊದಲನೆಯದಕ್ಕೆ ಫೋನು ಮಾಡಿದರೆ ಈಗ ಅಲ್ಲಿ ಕೇಕು ಮಾರುತ್ತಾರಂತೆ. ಎರಡನೆಯವರು ಮಾರುತ್ತೇವೆ, ಬಾಡಿಗೆಗೆ ಕೊಡುವುದಿಲ್ಲ ಎಂದರು. ಮೂರನೆಯವರು ಸೋಮವಾರ ಬನ್ನಿ ಎಂದರು.

“ನೋಡಿದ್ಯಾ? ಫೋನು ಯಾರೋ ಬರದಿಟ್ಟದ್ದು ಹೇಳತೈತಿ. ಈ ನನ್ನ ಚಕ್ರಸಂಜಯ ಇದ್ದದ್ದು ಹೇಳತಾನ! ಸೈಕಲ್ ಗಾಲ್ಯಾಗ ಉಕ್ಕಿನ ಗುಂಡು ಇರತಾವಲ್ಲಾ, ಅವು ಸಣ್ಣಗ ಗುನುಗತಾವು. ನಮಗ ಕೇಳಂಗಿಲ್ಲ, ಇವಗ ಕೇಳತೈತಿ. ಸೆಲ್ಲು ಬ್ಯಾಡ, ಕರೆಂಟ್ ಬ್ಯಾಡ. ಆಸುಪಾಸು ಎಲ್ಲೇ ಸೈಕಲ್ ಗಾಲಿ ತಿರುಗಲಿ, ಅದರ ಶಕ್ತಿನ ಹೀರಕೊಂಡು ನಡೀತಾನ!”

“ಕೆಳಗ ಚಾದಂಗಡ್ಯಾಂವನ್ನ ಕೇಳಿದ್ರ ಆತಿತ್ತಲ್ರೀ,” ಎಂದರು ವೈನಿ.

“ಎರಡು ವರ್ಷ ಕುಂತು ಮಾಡೀನಿ, ಚಾದಂಗಡ್ಯಾಂವನ್ನ ಕೇಳಬೇಕಾ!”

ಅಣ್ಣ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಹೊರಟ. ಅವನದೇ ದನಿಯನ್ನು ಅದರೊಳಗೆ ತುಂಬಿದ್ದ. “ಸೈಕಲ್ ಐತಿ! ಮುಂದ ನಡೀರಿ!” ಎಂದು ಅದು ಕೂಗಿದಾಗಲೆಲ್ಲ ಜನ ಅಣ್ಣನ ಬಾಯಿ ನೋಡುತ್ತಿದ್ದರು. ಬಾಯಿ ಮುಚ್ಚಿರುತ್ತಿತ್ತು.

ಎರಡು ರಸ್ತೆ ದಾಟಿಸಿ, ಒಂದು ಕಟ್ಟಡದ ಮೂರನೆಯ ಮಹಡಿ ಹತ್ತಿಸಿ, ಮುಳ್ಳು ನಿಂತಿತು. ವ್ಯಾಯಾಮ ಶಾಲೆ. ನೆಲಕ್ಕೆ ಬೋಲ್ಟು ಹಾಕಿದ ಸೈಕಲ್ ಮೇಲೆ ದಪ್ಪನೆಯ ಒಬ್ಬರು ಬೆವರುತ್ತಿದ್ದರು.

“ಇದನ್ನ ಬಾಡಿಗಿಗೆ ಕೊಡ್ತೀರೇನ್ರಿ?” ಅಣ್ಣ ಕೇಳಿದ.

“ನಾನು ಇಳಿದ್ಮೇಲೆ ಕೂತ್ಕೊಳ್ಳಿ. ಆದ್ರೆ ಎಲ್ಲೂ ಹೋಗಲ್ಲ ಇದು,” ಎಂದರು ಅವರು.

ಮುಂದಿನ ಗುರಿ ಪೊಲೀಸ್ ಠಾಣೆಯ ಹಿತ್ತಲು. ವಾರಸುದಾರರಿಲ್ಲದ ಸೈಕಲ್ಲುಗಳ ರಾಶಿ. ಅಣ್ಣ ಹಿಗ್ಗಿಹೋದ.

“ಇದ್ರಲ್ಲಿ ಯಾವ್ದು ನಿಮ್ದು?” ಕಾನ್ಸ್‌ಟೇಬಲ್ ಕೇಳಿದರು.

“ಯಾವುದೂ ಅಲ್ರಿ.”

“ಮತ್ತೆ ಯಾವ್ದು ಬೇಕು?”

“ಯಾವುದಾದ್ರೂ ಅಡ್ಡಿಯಿಲ್ರಿ!”

ಅಣ್ಣ ಕಳ್ಳನಲ್ಲ ಎಂದು ನಂಬಿಸಿ ಅವನನ್ನು ಹೊರಗೆ ತರಲು ವೈನಿಗೆ ಅರ್ಧ ಗಂಟೆ ಹಿಡಿಯಿತು. ಹೊರಬಂದ ವೈನಿ ಫುಟ್‌ಪಾತಿನ ಕಲ್ಲಿನ ಮೇಲೆ ಕುಳಿತುಬಿಟ್ಟರು.

“ನಾನಿನ್ನ ಒಂದ್ ಹೆಜ್ಜಿ ಬರಂಗಿಲ್ಲ. ಎಷ್ಟು ವರ್ಷದ ಮ್ಯಾಲೆ ಒಂದ್ ಕೇಳೀನಿ ನಿಮ್ಮನ್ನ, ಅದ್ರಾಗೂ ಹಿಂಗ?”

ಅಣ್ಣನ ಮುಖ ಸಣ್ಣದಾಯಿತು. ಹೆಂಡತಿಗಾಗಿಯೇ ಇಷ್ಟೆಲ್ಲ ಮಾಡಿದ್ದ, ಪಾಪ.

“ನೀ ಬರೂದು ಬ್ಯಾಡ. ಸೈಕಲ್ಲೇ ನಿನ್ನ ಹಂತ್ಯಾಕ ಬರಂಗ ಮಾಡ್ತೀನಿ!” ಎಂದವನೇ ಕೆಂಪು ತಿರುಪನ್ನು ಎಡಗಡೆಗೆ ತಿರುಗಿಸಿದ. ಇಷ್ಟು ಹೊತ್ತು ಗುನುಗನ್ನು ಕೇಳುತ್ತಿದ್ದ ಹಾರ್ನು ಈಗ ತಾನೇ ಗುನುಗತೊಡಗಿತು.

ಎದುರಿಗೆ ಮೆಟ್ರೋ ನಿಲ್ದಾಣದ ಬುಡದಲ್ಲಿ ಫೋನಿನಿಂದ ಬೀಗ ತೆರೆದು ಅರ್ಧ ಗಂಟೆ ಮಾತ್ರ ಓಡಿಸುವ ಬಾಡಿಗೆ ಸೈಕಲ್ಲುಗಳ ಸಾಲಿತ್ತು. ಟಕ್, ಟಕ್, ಟಕ್! ಬೀಗಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಸೈಕಲ್ಲುಗಳು ಸವಾರರಿಲ್ಲದೆ, ಸಾಲು ತಪ್ಪದೆ ರಸ್ತೆ ದಾಟಿ ಅಣ್ಣನ ಮುಂದೆ ಬಂದು ನಿಂತವು.

“ಹೆಂಗ?” ಎಂದ ಅಣ್ಣ.

ಆ ಹಿಗ್ಗು ಒಂದು ನಿಮಿಷ ಇತ್ತು. ಗಾಲಿ ತಿರುಗಿದಷ್ಟೂ ಯಂತ್ರಕ್ಕೆ ಶಕ್ತಿ, ಶಕ್ತಿ ಬಂದಷ್ಟೂ ಗುನುಗು ಜೋರು, ಗುನುಗು ಜೋರಾದಷ್ಟೂ ಇನ್ನಷ್ಟು ಸೈಕಲ್ಲು! ಸೊಪ್ಪು ಮಾರುವವರ ಸೈಕಲ್ಲು ದಂಟಿನ ಕಟ್ಟುಗಳ ಸಮೇತ ಬಂತು. ಚಾಕು ಸಾಣೆ ಹಿಡಿಯುವವನೊಬ್ಬ ಬ್ರೇಕು ಒತ್ತುವುದನ್ನೂ ಮರೆತು, “ನಾನ್ ತುಳೀತಿಲ್ಲ ಸಾರ್, ಇದೇ ಹೋಗ್ತಿದೆ!” ಎಂದು ಕೂಗುತ್ತ ಬಂದ. ಠಾಣೆಯ ಹಿತ್ತಲಿನ ರಾಶಿಯೂ ಟೈರಿಲ್ಲದ ರಿಮ್ಮುಗಳಲ್ಲಿ ಕಟಕಟ ಎನ್ನುತ್ತ ಹೊರಟಿತು. ಅದರ ಹಿಂದೆ ಕಾನ್ಸ್‌ಟೇಬಲ್.

“ಆರಿಸು ಅಣ್ಣಾ!” ಎಂದೆ.

ಅಣ್ಣ ತಿರುಪನ್ನು ಜೋರಾಗಿ ತಿರುಗಿಸಿದ. ಅದು ಕಿತ್ತು ಅವನ ಕೈಗೇ ಬಂತು.

ಅಣ್ಣ ಓಡಿದ. ನೂರಾರು ಸೈಕಲ್ಲುಗಳು ಅವನ ಹಿಂದೆ ಓಡಿದವು. “ಸೈಕಲ್ ಐತಿ! ಮುಂದ ನಡೀರಿ!” ಎಂದು ಯಂತ್ರ ಅವನಿಗೇ ಹೇಳುತ್ತಿತ್ತು. ಬಸ್ ಸ್ಟಾಪಿನಲ್ಲಿದ್ದ ಒಬ್ಬಾಕೆ, “ರೀ, ಗಂಟೆ ಲೆಕ್ಕಾನಾ, ದಿನದ ಲೆಕ್ಕಾನಾ?” ಎಂದು ಕೇಳಿದರು.

ಈ ಗದ್ದಲದಲ್ಲಿ ವೈನಿ ಎದ್ದು, ಪಕ್ಕದ ಚಹಾದಂಗಡಿಯವನನ್ನು ಕೇಳಿದರು.

“ಬಾಡಿಗೆ ಸೈಕಲ್ಲಾ? ಇಲ್ಲೇ ಹಿಂದ್ಗಡೆ ಕ್ರಾಸು, ದಸ್ತಗೀರ್ ಸಾಹೇಬ್ರ ಅಂಗಡಿ,” ಎಂದ ಅವನು, ಲೋಟ ತೊಳೆಯುತ್ತಲೇ.

ನಾವಿಬ್ಬರೂ ಹೋದೆವು. ಬೋರ್ಡು ಸರಿಯಾಗಿತ್ತು, ಬಾಗಿಲು ತೆರೆದಿತ್ತು, ಅಂಗಡಿ ಖಾಲಿ. ದಸ್ತಗೀರ್ ಸಾಹೇಬರು ಕೈಯಲ್ಲಿ ಪಂಪು ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು.

“ಹದಿನೆಂಟು ಇತ್ತು ಅಮ್ಮಾ. ಒಂದಕ್ಕೆ ಗಾಳಿ ಹೊಡೀತಾ ಇದ್ದೆ. ಎಲ್ಲಾ ಎದ್ದು ಹೊರಟೋದ್ವು.”

“ಒಂದೂ ಉಳಿದಿಲ್ಲೇನ್ರಿ?”

ಅವರು ಮೂಲೆಗೆ ಬೆರಳು ತೋರಿಸಿದರು. ತುಕ್ಕು ಹಿಡಿದ ಹಳೆಯ ಲೇಡೀಸ್ ಸೈಕಲ್ಲು ಗೋಡೆಗೆ ಒರಗಿತ್ತು. “ಅದ್ರೊಳಗೆ ಗುಂಡು ಇಲ್ಲ. ಅದ್ರ ಬದ್ಲು ನಾನೇ ಮರದ ಬುಶ್ ಕೂರ್ಸಿದ್ದೀನಿ. ತುಳಿಯೋಕೆ ಕಷ್ಟ, ಯಾರೂ ತಗೊಳ್ಳಲ್ಲ.”

ಗುಂಡಿಲ್ಲದ್ದಕ್ಕೇ ಅದು ಯಂತ್ರದ ಮಾತಿಗೆ ಕಿವಿಗೊಟ್ಟಿರಲಿಲ್ಲ. ವೈನಿ ಅದನ್ನೇ ಹತ್ತಿ ನೇರ ಗದ್ದಲದ ನಡುವೆ ನುಗ್ಗಿದರು. ಲಸಿಕೆ ಹಾಕುವಾಗ ಇಡೀ ಊರನ್ನು ಸಾಲಾಗಿ ನಿಲ್ಲಿಸುತ್ತಿದ್ದ ದನಿ ಹೊರಬಂತು.

“ಎಲ್ಲಾರೂ ಒಂದೊಂದ್ ಸೈಕಲ್ ಹಿಡೀರಿ! ಬ್ರೇಕ್ ಒತ್ರಿ! ಗಾಲಿ ತಿರುಗಬಾರದು!”

ಜನ ಹಿಡಿದರು. ಕಾನ್ಸ್‌ಟೇಬಲ್ ಎರಡನ್ನು ಹಿಡಿದರು. ಗಾಲಿಗಳು ನಿಂತವು, ಗುನುಗು ಸಣ್ಣಗಾಗಿ ಆರಿತು. ಅಣ್ಣ ಒಂದು ಮರವನ್ನು ಅಪ್ಪಿಕೊಂಡು ನಿಂತಿದ್ದ.

ಯಂತ್ರಕ್ಕೆ ಮತ್ತೆ ಎಚ್ಚರವಾಗದಂತೆ ಸೈಕಲ್ಲುಗಳನ್ನೆಲ್ಲ ನಾಲ್ಕೈದರಂತೆ ಅವುಗಳ ಜಾಗಕ್ಕೆ ತಳ್ಳಿಕೊಂಡು ಹೋಗಿ ಬಿಡಲು ಸಂಜೆಯವರೆಗೂ ಹಿಡಿಯಿತು. ಅಣ್ಣ ಯಂತ್ರವನ್ನು ಲಾಡ್ಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಊರಿಗೆ ಹೋಗಿ ಬಿಚ್ಚಿಹಾಕುತ್ತೇನೆ ಎಂದು ವೈನಿಗೆ ಮಾತುಕೊಟ್ಟ.

ಭಾನುವಾರ ಬೆಳಿಗ್ಗೆ ನೂರ ನಲವತ್ತು ಹೆಣ್ಣುಮಕ್ಕಳು ಹೊರಟರು. ಗೇರ್ ಇರುವ ಹಗುರ ಸೈಕಲ್ಲುಗಳ ನಡುವೆ ವೈನಿಯ ಸೈಕಲ್ಲು ಗಾಣದಂತೆ ಕಿರುಗುಟ್ಟುತ್ತಿತ್ತು. ಮೊದಲ ತಿರುವಿಗೇ ಅವರು ಕೊನೆಯವರಾದರು. ಅಣ್ಣನೂ ನಾನೂ ಸವಾರಿ ಮುಗಿಯುವಲ್ಲಿ ಹೋಗಿ ನಿಂತೆವು.

ಒಂದೂಮುಕ್ಕಾಲು ಗಂಟೆಯ ಮೇಲೆ ದೂರದಲ್ಲಿ ಒಂದು ಸೈಕಲ್ಲು ಕಂಡಿತು. ವೈನಿ! ಹಿಂದೆಮುಂದೆ ಯಾರೂ ಇಲ್ಲ!

“ಉಳಿದವ್ರು ಎಲ್ಲಿ ವೈನಿ?” ಕೂಗಿದೆ.

ಏದುಸಿರು ಬಿಡುತ್ತ ಅವರು ಹೇಳಿದ್ದಿಷ್ಟು. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ದಾರಿ ನಮ್ಮ ಲಾಡ್ಜಿನ ಮುಂದೆಯೇ ಹಾದಿತ್ತು. ಇನ್ನೂರೆಂಬತ್ತು ಗಾಲಿ ಒಟ್ಟಿಗೆ ತಿರುಗಿದ್ದೇ ತಡ, ಕಪಾಟಿನಲ್ಲಿದ್ದ ಚಕ್ರಸಂಜಯನಿಗೆ ಎಚ್ಚರವಾಗಿತ್ತು.

“ಒಬ್ಬರಿಗೂ ಪೆಟ್ಟಾಗಿಲ್ಲ. ಎಲ್ಲಾರೂ ಲಾಡ್ಜಿನ ಒಳಗ ಅದಾರ. ನನಗ ಇಳದು ಬ್ರೇಕ್ ಹಿಡಿಸೂದ್ರಾಗ ಸಾಕಾತು. ಈಗ ಒಬ್ಬೊಬ್ಬರ ಸೈಕಲ್ ಹೊತ್ತಗೊಂಡು ಹೊರಗ ಬರಾಕತ್ತಾರ.”

ಹೇಳಿದವರು ಗೆಲುವಿನ ಗೆರೆಗೆ ಎರಡು ಮೊಳ ದೂರದಲ್ಲಿ ಕಾಲೂರಿ ನಿಂತರು.

“ದಾಟ! ದಾಟ! ಮೊದಲನೇ ನಂಬರ್ ನೀನ!” ಅಣ್ಣ ಕುಣಿದಾಡಿದ.

“ಸುಮ್ಮನಿರ್ರಿ. ನಿಮ್ಮ ಯಂತ್ರದಿಂದ ಬಂದ ನಂಬರ್ ನನಗ್ಯಾಕ?”

ಬಿಸಿಲಿನಲ್ಲಿ ನಲವತ್ತು ನಿಮಿಷ ಹಾಗೇ ನಿಂತರು. ಉಳಿದವರು ಕಂಡ ಮೇಲೆ ಪೆಡಲ್ ಮೆಟ್ಟಿ, ಗುಂಪಿನ ನಡುವೆ ಸೇರಿಕೊಂಡು, ಎಪ್ಪತ್ತೋ ಎಂಬತ್ತೋ ಆಗಿ ಗೆರೆ ದಾಟಿದರು. ಅಷ್ಟು ಖುಷಿಯಾಗಿದ್ದ ವೈನಿಯನ್ನು ನಾನು ಎಂದೂ ನೋಡಿರಲಿಲ್ಲ. ಅಣ್ಣ ಅವರ ಸೈಕಲ್ಲು ಹಿಡಿದುಕೊಂಡು ಕಣ್ಣೊರೆಸಿಕೊಂಡ.

ಲಾಡ್ಜಿನವರು ಒಳ್ಳೆಯ ಜನ, ಜಗಳಕ್ಕೆ ಬರಲಿಲ್ಲ. ಎರಡನೆಯ ಮಹಡಿಯವರೆಗೂ ಸೈಕಲ್ಲಿನಲ್ಲೇ ಹೋಗಬಹುದು ಎಂಬುದು ತಮಗೂ ಗೊತ್ತಿರಲಿಲ್ಲ ಎಂದಷ್ಟೇ ಹೇಳಿದರು.