ನಮ್ಮ ವೆಬ್‌ಸೈಟಿಗೆ ಬಂದ ಇಪ್ಪತ್ತನಾಲ್ಕು ಸಾವಿರ ಭೇಟಿಗಳು

ನಮ್ಮ ಶ್ರವಣ ಸಾಧನ ವಿತರಣಾ ಕಚೇರಿಯ ವೆಬ್‌ಸೈಟಿಗೆ ಈ ವರ್ಷ ಇಪ್ಪತ್ತನಾಲ್ಕು ಸಾವಿರ ಭೇಟಿಗಳಾಗಿವೆ ಎಂದು ಈ ಮೂಲಕ ದಾಖಲಿಸಲಾಗಿದೆ. ಹೋದ ವರ್ಷ ಮುನ್ನೂರಿತ್ತು. ಹೊಟ್ಟೆಕಿಚ್ಚಿನವರು ಏನು ಬೇಕಾದರೂ ಆಡಿಕೊಳ್ಳಲಿ. ಟಿಪ್ಪಣಿ ಗುಮಾಸ್ತ ನಾನು, ಅಂಕಿಅಂಶ ನನ್ನ ಮೇಜಿನ ಮೇಲಿದೆ.

ವೆಬ್‌ಸೈಟ್ ನೋಡಿಕೊಳ್ಳುವ ತಂತ್ರಜ್ಞೆಯೊಬ್ಬಳೇ ಕಲ್ಲು ಹಾಕಲು ಬಂದವಳು.

"ಸಾರ್, ಬಂದಿದ್ದು ಜನ ಅಲ್ಲ. ಪುಟ ಓದಿ ಪಟ್ಟಿ ಮಾಡೋ ಹುಡುಕುಯಂತ್ರ. ನಮ್ಮ ಕ್ಯಾಲೆಂಡರಲ್ಲಿ 'ಮುಂದಿನ ತಿಂಗಳು' ಅನ್ನೋ ಲಿಂಕ್ ಇದೆಯಲ್ಲ, ಅದನ್ನೇ ಹಿಡ್ಕೊಂಡು 4017ನೇ ಇಸವಿಗೆ ಹೋಗಿಬಿಟ್ಟಿದೆ. ಅರ್ಜಿ ಪುಟ ಇನ್ನೂ ನೋಡೇ ಇಲ್ಲ. ಅದಕ್ಕೇ ಯಾರು ಹುಡುಕಿದ್ರೂ ಅರ್ಜಿ ಸಿಗ್ತಿಲ್ಲ."

ಅವಳ ಸಂಕಟ ನಮಗೆ ಗೊತ್ತಿಲ್ಲವೆಂದಲ್ಲ. ಅವಳನ್ನು ಸಾಕಿದ ಚಿಕ್ಕಮ್ಮ ಹೊಲಿಗೆ ಕೆಲಸದವರು. ಗಿರಾಕಿ ಹೇಳಿದ್ದು ಕೇಳಿಸದೆ ಒಂದೊಂದೇ ಕೆಲಸ ಕೈತಪ್ಪುತ್ತಿತ್ತು. ಅರ್ಜಿಗೆ ಈ ತಿಂಗಳೇ ಕೊನೆ. ಆದರೆ ಕಾಗದದ ಅರ್ಜಿ ರದ್ದಾಗಿದೆ, ಮತ್ತು ಪುಟದ ವಿಳಾಸವನ್ನು ಸಿಬ್ಬಂದಿ ಬಂಧುಗಳಿಗೆ ತಿಳಿಸಿದರೆ ನಿಯಮ ಹನ್ನೊಂದರಂತೆ ಸ್ವಜನಪಕ್ಷಪಾತ. ಪಾಪ ಅನಿಸಿತು, ಆದರೂ ನಿಯಮ ನಿಯಮವೇ.

ಅವಳು ಸಾಹೇಬರ ಮುಂದೆ ಚೀಟಿ ಇಟ್ಟಳು. ಅರ್ಜಿ ಪುಟಕ್ಕೆ ಚಿಕ್ಕ, ಶಾಶ್ವತ ವಿಳಾಸ: "ಅರ್ಜಿ", ಅಷ್ಟೇ. ಕ್ಯಾಲೆಂಡರಿಗೆ ಯಂತ್ರ ಕಾಲಿಡದಂತೆ ತಡೆ.

ಸಾಹೇಬರು ಚೀಟಿಯನ್ನು ತಿರುಗಿಸಿ ನೋಡಿದರು. "ಈಗಿನ ವಿಳಾಸದಲ್ಲಿ ಶಾಖೆ, ಕಡತದ ಸಂಖ್ಯೆ, ನನ್ನ ಹುದ್ದೆ ಎಲ್ಲಾ ಇದೆ. ಇದರಲ್ಲಿ ನಾನೆಲ್ಲಿದೀನಿ?"

"ನಿಮಗೆ ವರ್ಗ ಆದಾಗೆಲ್ಲ ವಿಳಾಸ ಬದಲಾಗುತ್ತೆ ಸಾರ್. ಹಳೇದು ಸತ್ತುಹೋಗುತ್ತೆ."

"ಸಹಜ ತಾನೆ? ಯಂತ್ರ ತಡೆದರೆ ಭೇಟಿ ಎಷ್ಟಾಗುತ್ತೆ?"

"ಮುನ್ನೂರು."

ಸಾಹೇಬರು ಚೀಟಿಯನ್ನು ಮಡಚಿ ಅವಳಿಗೇ ವಾಪಸ್ ಕೊಟ್ಟರು.

ಆದರೂ ಸಾಹೇಬರದು ಹೆಂಗರುಳು. ಇಡೀ ವೆಬ್‌ಸೈಟನ್ನು ಒಂದು ಡಿಸ್ಕಿಗೆ ಇದ್ದ ಹಾಗೇ ಪ್ರತಿ ಇಳಿಸಿ, ಜನ ನೋಡಲೆಂದು ಕೌಂಟರಿನಲ್ಲಿ ಇಡಲು ಆದೇಶಿಸಿದರು. ಇಳಿಸಲಾಯಿತು. ಕ್ಯಾಲೆಂಡರು ಮೊದಲಿದ್ದುದರಿಂದ 3412ನೇ ಇಸವಿಗೇ ಡಿಸ್ಕ್ ತುಂಬಿತು. ಅರ್ಜಿಗೆ ಜಾಗ ಸಾಲಲಿಲ್ಲ.

ತಿಂಗಳ ಕೊನೆಯ ದಿನ ಚಿಕ್ಕಮ್ಮ ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಕೌಂಟರಿಗೆ ಬಂದರು. ತಂತ್ರಜ್ಞೆ ನಮ್ಮ ಮಾತನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದಳು.

"ಯಂತ್ರ ಅರ್ಜಿ ಪುಟಕ್ಕೆ ಬರೋವರೆಗೂ ಕಾಯೋಣ," ಎಂದರು ಸಾಹೇಬರು. "ಕೊನೇ ದಿನಾಂಕ ವಿಸ್ತರಿಸಿದ್ದೀನಿ. 4017ರ ಮಾರ್ಚ್ ಒಂಬತ್ತು."

ಚಿಕ್ಕಮ್ಮ ಓದಿದರು. "ಅಷ್ಟರಲ್ಲಿ ನನ್ನ ಕಿವಿ ಪೂರ್ತಿ ಹೋಗಿರುತ್ತಲ್ಲಪ್ಪಾ."

"ಹೋದ್ರೆ ಒಳ್ಳೇದೇ, ಆದ್ಯತೆ ಸಿಗುತ್ತೆ," ಎಂದೆ ನಾನು. ಸಮಾಧಾನಕ್ಕೆಂದೇ ಹೇಳಿದ್ದು.

ಅವರು ಅದನ್ನೂ ಕಾಗದದ ಮೇಲೆ ಓದಿಕೊಂಡರು. ಆಮೇಲೆ ಕೇಳಿದರು: "ಅವತ್ತು ಎಷ್ಟು ಗಂಟೆಗೆ ಬರ್ಲಿ?"

ಹತ್ತೂವರೆ ಎಂದು ಬರೆದುಕೊಡಲಾಯಿತು. ತಂತ್ರಜ್ಞೆ ಕ್ಯಾಲೆಂಡರು ತೆರೆದು ನೋಡಿ, ಅವತ್ತು ಕಚೇರಿಗೆ ರಜೆಯಿಲ್ಲವೆಂದು ಚಿಕ್ಕಮ್ಮನಿಗೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದಳು.