ಒಂದಕ್ಷರದ ಬಾವು

ಇಪ್ಪತ್ತಾರು ವರ್ಷಗಳಿಂದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೇನೆ. ತಪ್ಪಕ್ಷರವೊಂದು ನನ್ನ ಕಣ್ಣಿಗೆ ಬಿದ್ದರೆ ಅದರ ಕಥೆ ಅಲ್ಲಿಗೇ ಸಮಾಪ್ತಿ. ಇಂಥ ಮಹಾಪುರುಷ ಹೆಂಡತಿಯ ಮಣಿಕಟ್ಟಿನ ಬಾವನ್ನು ತಿದ್ದಲಾರನೇ? ತಿದ್ದಿಯೇ ತೀರುತ್ತೇನೆಂದು ಕಳೆದ ತಿಂಗಳು ಪಣ ತೊಟ್ಟೆ.

ನನ್ನವಳು ದರ್ಜಿ. ಬ್ಯಾಂಡ್ ಮೇಳದವರ ಹನ್ನೆರಡು ಕೋಟುಗಳನ್ನು ಒಪ್ಪಿಕೊಂಡಿದ್ದಳು. ನಾಲ್ಕನೆಯ ಕೋಟಿನ ದಪ್ಪ ಬಟ್ಟೆ ಕತ್ತರಿಸುವಾಗ ಬಲಗೈ ಊದಿಕೊಂಡು, ಕತ್ತರಿ ಹಿಡಿಯಲಾಗದೆ, ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅವಳು ಅಷ್ಟು ಸುಲಭಕ್ಕೆ ಅಳುವವಳಲ್ಲ.

ಅದೇ ವಾರ ನನ್ನ ಮೇಜಿಗೆ ವಿಜ್ಞಾನ ಪತ್ರಿಕೆಯೊಂದರ ಕರಡು ಬಂದಿತ್ತು. ಟಿಬೆಟ್ಟಿನ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ, ಅಲ್ಲಿನ ವೈದ್ಯರು ತಲೆಮಾರುಗಳಿಂದ ಬಳಸುವ ಒಂದು ಗಿಡ; ಅದರ ಬೇರಿನ ಸಾರ ಕೊಟ್ಟರೆ ಇಲಿಗಳ ಪಾದದ ಬಾವು ಇಳಿಯಿತಂತೆ. ಅಚ್ಚಿನಲ್ಲಿ ಮಾತ್ರ "ಇಲಿಯ ಬಾವು" ಹೋಗಿ "ಇಲಿಯ ಭಾವ" ಆಗಿತ್ತು. ಇಲಿಯನ್ನು ಅದರ ಭಾವನಿಂದ ಬಿಡಿಸಿ, ಗಿಡದ ಮಾರುದ್ದದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಗಿಡಮೂಲಿಕೆ ಅಂಗಡಿಗೆ ಹೋಗಿ ಪೊಟ್ಟಣ ತಂದೆ.

ಬೇರು ಕುದಿಯುವಾಗ ಹಳೆಯ ಚಪ್ಪಲಿ ಬೇಯಿಸಿದಂಥ ವಾಸನೆ ಮನೆಯೆಲ್ಲ ತುಂಬಿತು.

"ಇದನ್ನ ಇಲಿಗೆ ಕೊಟ್ಟಿದ್ದಲ್ವಾ?" ಎಂದಳು ಮೂಗು ಮುಚ್ಚಿಕೊಂಡು.

"ಇಲಿಗೇ ಇಳಿದ ಮೇಲೆ ನಿನಗೆ ಇಳಿಯಲ್ವಾ?"

"ನಾಲ್ಕು ಕಾಲಿದ್ದಿದ್ರೆ ಕುಡೀತಿದ್ದೆ."

ಅವಳಿಗೆ ಕೊಡುವ ಮೊದಲು ನಾನೇ ಅರ್ಧ ಲೋಟ ಕುಡಿದೆ. ಶೌರ್ಯಕ್ಕಲ್ಲ; ಅವಳಿಗೇನಾದರೂ ಆದರೆ ಎಂಬ ಹೆದರಿಕೆಗೆ.

ಹತ್ತು ನಿಮಿಷಕ್ಕೆ ತುಟಿ ತುರಿಸಿತು. ಅರ್ಧ ಗಂಟೆಗೆ ತುಟಿಗಳೆರಡೂ ದಿಂಬುಗಳಾಗಿ, ಕಣ್ಣುಗಳು ಗುಂಡಿ ಹಾಕುವ ಕಾಜಿನಷ್ಟಾದವು. "ಏನಿಲ್ಲ" ಎನ್ನಲು ಹೋದರೆ "ಬಬ್ಬ" ಎಂದು ಬಂತು. ಅವಳು ಲೋಟದಲ್ಲಿ ಉಳಿದದ್ದನ್ನು ಚೆಲ್ಲಿ, ಪೊಟ್ಟಣವನ್ನೂ ಚೀಟಿಯನ್ನೂ ಚೀಲಕ್ಕೆ ತುರುಕಿಕೊಂಡು, ಬರಿಗಾಲಲ್ಲೇ ಬೀದಿಗೆ ಓಡಿ ಟ್ಯಾಕ್ಸಿ ನಿಲ್ಲಿಸಿದಳು. ದಾರಿಯುದ್ದಕ್ಕೂ ಆ ಊದಿದ ಕೈಯಲ್ಲೇ ನನ್ನ ಕೈಯನ್ನು ಬಿಗಿಯಾಗಿ ಹಿಡಿದು, "ಉಸಿರು ಬರ್ತಿದೆಯಾ? ತಲೆ ಆಡಿಸಿ, ಸಾಕು" ಎನ್ನುತ್ತಲೇ ಇದ್ದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟು, ಪೊಟ್ಟಣ ಕೇಳಿದರು. ಅವಳು ಪೊಟ್ಟಣವನ್ನೂ ನನ್ನ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

"ಡಾಕ್ಟ್ರೇ, ಪೊಟ್ಟಣದ ಹೆಸರಲ್ಲಿ ಒಂದಕ್ಷರ ಬೇರೆ ಇದೆ."

"ಹಾಗಾದ್ರೆ ಗಿಡಾನೇ ಬೇರೆ. ತರುವಾಗ ಇವರು ಓದಿ ನೋಡ್ಲಿಲ್ವಾ?"

"ಇವರು ಕರಡು ತಿದ್ದೋರು, ಡಾಕ್ಟ್ರೇ" ಎಂದಳು, ನನಗಿರುವ ಇನ್ನೊಂದು ಕಾಯಿಲೆಯನ್ನು ಹೇಳುವಂತೆ.

ಡಾಕ್ಟರು ಅವಳ ಕೈಯನ್ನೂ ನೋಡಿ, ಒಂದು ವಾರ ಕತ್ತರಿ ಮುಟ್ಟಬೇಡಿ, ತಣ್ಣೀರು ಬಟ್ಟೆ ಸುತ್ತಿ ಎಂದರು.

ಮರುದಿನ ಕೋಟು ಕೇಳಲು ಬ್ಯಾಂಡ್ ಮಾಸ್ತರರು ಬಂದರು. ನನ್ನ ಮುಖವನ್ನು ನೋಡಿ ಗೌರವದಿಂದ ಕೇಳಿದರು: "ನಿಮ್ಮ ಯಜಮಾನ್ರೂ ನಮ್ಮವರೇನಮ್ಮಾ? ಏನು ಊದ್ತಾರೆ?"

"ಏನೂ ಊದಲ್ಲ ಸಾರ್. ಊದಿದ್ದಾರೆ."

ಮಾಸ್ತರರು ಕುರ್ಚಿ ಹಿಡಿದುಕೊಂಡು ನಕ್ಕರು. ಅವಳ ಕೈ ನೋಡಿ ನಗು ನಿಲ್ಲಿಸಿ, ಇನ್ನೂ ಹದಿನೈದು ದಿನ ಗಡುವು ಕೊಟ್ಟು ಹೋದರು.

ಮೂರು ದಿನ ನನ್ನ ಬಾಯಿ ಏಳಲಿಲ್ಲ. ಪಾತ್ರೆ ತೊಳೆದೆ, ನೆಲ ಒರೆಸಿದೆ, ಗಂಟೆಗೊಮ್ಮೆ ಬಟ್ಟೆ ಹಿಂಡಿ ಅವಳ ಮಣಿಕಟ್ಟಿಗೆ ಸುತ್ತಿದೆ. ಉಪದೇಶ ಮಾಡುವವರಿಲ್ಲದ ಮನೆಯಲ್ಲಿ ಅವಳು ನಿಧಾನವಾಗಿ ಮಾತಿಗಿಳಿದಳು. ನನಗೆ ಹೊಲಿದ ಮೊದಲ ಅಂಗಿಯ ಒಂದು ತೋಳು ಗಿಡ್ಡವಾಗಿತ್ತಂತೆ. ಅದನ್ನು ನಾನು ಐದು ವರ್ಷ ತೊಟ್ಟು ತಿರುಗಿದೆನಂತೆ. "ನಿಮಗೆ ಗೊತ್ತಾಗಿಯೂ ಸುಮ್ನಿದ್ರಿ ಅಂದ್ಕೊಂಡಿದ್ದೆ. ಅದಕ್ಕೇ ನಿಮ್ಮನ್ನ ಬೈಯೋಕೆ ಮನಸ್ಸು ಬರ್ತಿರ್ಲಿಲ್ಲ" ಎಂದಳು. ನನಗೆ ಗೊತ್ತೇ ಇರಲಿಲ್ಲ. ಹೇಳೋಣವೆಂದರೆ ತುಟಿ ಏಳಲಿಲ್ಲ. ಆ ತುಟಿಗೆ ನಾನು ಋಣಿ.

ನಾಲ್ಕನೆಯ ದಿನ ನನ್ನ ಮುಖ ಮರಳಿ ಮುಖವಾಯಿತು. ಅವಳೂ ಮಣಿಕಟ್ಟನ್ನು ಆಚೀಚೆ ತಿರುಗಿಸಿ, "ನೋವೇ ಇಲ್ಲ" ಎಂದು ನಕ್ಕಳು. ನಾನು ಗಂಟಲು ಸರಿಮಾಡಿಕೊಂಡೆ.

"ನೋಡು, ಆ ನಿಜವಾದ ಗಿಡ ಏನಾದ್ರೂ ಸಿಕ್ಕಿದ್ರೆ..."

ಅವಳು ಒದ್ದೆ ಬಟ್ಟೆಯನ್ನು ನನ್ನ ಕೈಗಿಟ್ಟಳು.

"ಇನ್ನೆರಡು ದಿನ ಮಾತಾಡ್ಬೇಡಿ. ನನ್ನ ಮೊಣಕಾಲೂ ಸ್ವಲ್ಪ ಹಿಡ್ಕೊಂಡಿದೆ, ಅದೂ ವಾಸಿಯಾಗ್ಲಿ."